ಕೊಕ್ಕೆ ಇಲ್ಲದ ಗರಿ

ಸಾಮಾನ್ಯ ಕೋಳಿಯ ಉದುರಿದ ಗರಿಯೊಂದನ್ನು ಕೈಗೆತ್ತಿಕೊಳ್ಳಿ. ಎಳೆಗಳನ್ನು ಬೆರಳಿನಿಂದ ಬಿಡಿಸಿ. ಹರಿದುಹೋದಂತೆ ಕಾಣುತ್ತದೆ. ಈಗ ಬುಡದಿಂದ ತುದಿಯವರೆಗೆ ಒಮ್ಮೆ ನೇವರಿಸಿ. ಮತ್ತೆ ಕೂಡಿಕೊಳ್ಳುತ್ತದೆ. ಪ್ರತಿ ಎಳೆಯ ಪಕ್ಕದಲ್ಲೂ ಇನ್ನೂ ಸಣ್ಣ ಎಳೆಗಳಿರುತ್ತವೆ. ಅವುಗಳಿಗೆ ಬರಿಗಣ್ಣಿಗೆ ಕಾಣದಷ್ಟು ಪುಟ್ಟ ಕೊಕ್ಕೆಗಳು. ಜಿಪ್ ಹಾಕಿದ ಹಾಗೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಸಿಲ್ಕಿ ಎಂಬ ತಳಿಯ ಕೋಳಿಯಲ್ಲಿ ಈ ಕೊಕ್ಕೆ ಸರಿಯಾಗಿ ಬೆಳೆಯುವುದಿಲ್ಲ. ಡಿಎನ್‌ಎಯಲ್ಲಿ ಒಂದು ಜೀನ್‌ನ ಪಕ್ಕ ಒಂದೇ ಒಂದು ಅಕ್ಷರ ಬದಲಾದದ್ದು ಇದಕ್ಕೆ ಕಾರಣ. ಅಪ್ಪ, ಅಮ್ಮ ಇಬ್ಬರಿಂದಲೂ ಆ ಬದಲಾವಣೆ ಬಂದರೆ ಮಾತ್ರ ಮರಿಗೆ ರೇಷ್ಮೆಯಂಥ ಪುಕ್ಕ. 13ನೇ ಶತಮಾನದಲ್ಲೇ ಮಾರ್ಕೊ ಪೋಲೊ ಬೆಕ್ಕಿನಂತೆ ಕೂದಲಿರುವ ಕಪ್ಪು ಕೋಳಿಗಳ ಬಗ್ಗೆ ಹೇಳಿದ್ದಾನೆ. ಕಪ್ಪು ಎಂದರೆ ಪುಕ್ಕ ಬೆಳ್ಳಗಿದ್ದರೂ ಒಳಗಿನ ಚರ್ಮ, ಮೂಳೆ ಎಲ್ಲ ಕಪ್ಪು. ಅದು ಬೇರೆ ಜೀನ್‌ನ ಕೆಲಸ. ಕಾಲಿಗೆ ನಾಲ್ಕರ ಬದಲು ಐದು ಬೆರಳು ಇರುವುದು ಇನ್ನೊಂದರದ್ದು.

ಹೊಸದಾಗಿ ಸಾಕುವವರು ಮಾತ್ರ ಕೊಕ್ಕೆಯ ಕಥೆಯನ್ನು ಮರೆಯಬಾರದು. ಕೊಕ್ಕೆ ಇದ್ದ ಗರಿಯ ಮೇಲೆ ಮಳೆನೀರು ಜಾರಿಹೋಗುತ್ತದೆ. ಸಿಲ್ಕಿಯ ಪುಕ್ಕ ಹತ್ತಿಯ ಹಾಗೆ ನೀರು ಹೀರುತ್ತದೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಅದನ್ನು ಕಾಯುವುದು ಪುಕ್ಕದೊಳಗೆ ನಿಂತ ಗಾಳಿ. ಪುಕ್ಕ ಒದ್ದೆಯಾದರೆ ಆ ಗಾಳಿ ಹೋಯಿತು, ಬಿಸಿಯೂ ಹೋಯಿತು. ಒಣ ಚಳಿಯನ್ನು ಈ ಕೋಳಿ ಚೆನ್ನಾಗಿಯೇ ತಡೆದುಕೊಳ್ಳುತ್ತದೆ, ತೇವವನ್ನು ಅಲ್ಲ. ಹಾಗಾಗಿ ಗೂಡಿಗೆ ಚೆಂದಕ್ಕಿಂತ ಮೊದಲು ಸೋರದ ಮಾಡು, ನೆಲಕ್ಕೆ ಒಣ ಹೊಟ್ಟು, ಮೇಲ್ಭಾಗದಲ್ಲಿ ಗಾಳಿಯಾಡಲು ಜಾಗ ಬೇಕು. ನೆನೆದು ಬಂದರೆ ಟವೆಲ್‌ನಲ್ಲಿ ಒರೆಸಿ, ಪೂರ್ತಿ ಒಣಗುವ ತನಕ ಬೆಚ್ಚಗಿಡಿ. ಕಾಲಿನಲ್ಲೂ ಪುಕ್ಕ ಇರುವುದರಿಂದ ಕೆಸರು ಉಂಡೆಕಟ್ಟುತ್ತದೆ. ಅದನ್ನೂ ಆಗಾಗ ನೋಡಬೇಕು.

ಗಾಳಿಯನ್ನು ತಳ್ಳುವ ಗಟ್ಟಿ ಗರಿಯಿಲ್ಲದ ಮೇಲೆ ಹಾರುವುದೂ ಆಗದು. ಮೂರಡಿ ಎತ್ತರದಲ್ಲಿ ಕೂರುವ ಕೋಲು ಕಟ್ಟಿ, ಕೋಳಿ ಹತ್ತುತ್ತಿಲ್ಲ ಎಂದು ಬೇಸರಪಟ್ಟರೆ ಏನು ಪ್ರಯೋಜನ? ಒಂದಡಿ ಸಾಕು. ಎಷ್ಟೋ ಸಿಲ್ಕಿಗಳು ನೆಲದಲ್ಲೇ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ನಾಯಿ, ಗಿಡುಗ ಬಂದರೆ ತಪ್ಪಿಸಿಕೊಳ್ಳುವ ಶಕ್ತಿ ಕಡಿಮೆ. ಜೊತೆಗೆ ಜುಟ್ಟು ಕಣ್ಣಿಗೆ ಪರದೆ ಕಟ್ಟಿರುತ್ತದೆ. ಮೇಲಿನಿಂದ ಬರುವುದು ಕಾಣುವುದೇ ಇಲ್ಲ. ಜುಟ್ಟನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟುವವರಿದ್ದಾರೆ. ಕಣ್ಣಿನ ಮುಂದಿನದನ್ನಷ್ಟೇ ಕತ್ತರಿಸುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ಹೊಸದಾಗಿ ಮೂಡುವ ಗರಿಯ ಬುಡದಲ್ಲಿ ರಕ್ತ ಇರುತ್ತದೆ, ಅದಕ್ಕೆ ಕತ್ತರಿ ತಾಗಬಾರದು.

ಜುಟ್ಟಿನ ಕೆಳಗೆ ಇನ್ನೊಂದು ಸಮಸ್ಯೆ ಇದೆ. ಕೆಲವು ಸಿಲ್ಕಿಗಳ ತಲೆಬುರುಡೆ ಗುಮ್ಮಟದಂತೆ ಉಬ್ಬಿರುತ್ತದೆ, ಅಲ್ಲಿ ಮೂಳೆ ಪೂರ್ತಿ ಮುಚ್ಚಿರುವುದಿಲ್ಲ. ಬೇರೆ ಕೋಳಿ ಸುಮ್ನೆ ಒಂದು ಸಲ ಕುಟುಕಿದರೂ ಮಿದುಳಿಗೆ ಪೆಟ್ಟಾಗಬಹುದು. ಕತ್ತು ತಿರುಚಿಕೊಂಡು ನಿಲ್ಲುವ ಕೋಳಿಯಲ್ಲಿ ಕಾರಣ ಇದೂ ಇರಬಹುದು, ವಿಟಮಿನ್ ಇ ಕೊರತೆಯೂ ಇರಬಹುದು. ಪಶುವೈದ್ಯರಿಗೆ ತೋರಿಸುವುದೇ ಒಳ್ಳೆಯದು. ದೊಡ್ಡ ಜಾತಿಯ ಜಗಳಗಂಟ ಕೋಳಿಗಳ ಜೊತೆ ಸಿಲ್ಕಿಯನ್ನು ಬಿಡಬೇಡಿ. ಮರಿ ತರುವಾಗ ಮಾರೆಕ್ಸ್ ಎಂಬ ವೈರಸ್ ರೋಗದ ಲಸಿಕೆ ಆಗಿದೆಯೇ ಎಂದು ಕೇಳಿ. ಮರಿ ಹುಟ್ಟಿದ ದಿನವೇ ಹಾಕುವ ಲಸಿಕೆ ಅದು. ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬಂದರೆ ಆಯಿತು.

ಮೊಟ್ಟೆಗಾಗಿಯೇ ಸಾಕುವುದಾದರೆ ಬೇರೆ ತಳಿ ನೋಡಿ. ಸಿಲ್ಕಿ ವರ್ಷಕ್ಕೆ ಇಡುವುದು ನೂರು ಚಿಲ್ಲರೆ ಸಣ್ಣ ಮೊಟ್ಟೆ. ಕಾವು ಕೂರುವುದರಲ್ಲಿ ಮಾತ್ರ ಇದನ್ನು ಮೀರಿಸುವವರಿಲ್ಲ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದರೆ ಮೊಟ್ಟೆ ಇಡುವುದು ನಿಲ್ಲುತ್ತದೆ, ಕೂರುವ ಹಟ ಶುರು. ಅಡಿಯಲ್ಲಿ ಬಾತುಕೋಳಿಯ ಮೊಟ್ಟೆ ಇದ್ದರೂ ಸರಿ, ಏನೂ ಇಲ್ಲದಿದ್ದರೂ ಸರಿ! ಕೋಳಿಮೊಟ್ಟೆಗೆ 21 ದಿನ. ಏನೂ ಇಲ್ಲದೆ ಕೂತರೆ ವಾರಗಟ್ಟಲೆ. ದಿನಕ್ಕೊಮ್ಮೆ ಎದ್ದು ತಿಂದು ಮತ್ತೆ ಕೂರುವುದರಿಂದ ಮೈ ಇಳಿದುಹೋಗುತ್ತದೆ. ಬಿಡಿಸಬೇಕೆಂದರೆ ಕೆಳಗಿನಿಂದ ಗಾಳಿಯಾಡುವ ತಂತಿ ಬುಡದ ಪಂಜರದಲ್ಲಿ, ನೀರು ಮೇವು ಕೊಟ್ಟು, ಮೂರ್ನಾಲ್ಕು ದಿನ ಇಡುತ್ತಾರೆ. ಹೊಟ್ಟೆಯಡಿ ತಣ್ಣಗಾದರೆ ಹಟವೂ ಇಳಿಯುತ್ತದೆ.

ಮರಿಗಳಲ್ಲಿ ಹುಂಜ ಯಾವುದು, ಹೇಂಟೆ ಯಾವುದು ಎಂದು ಎಷ್ಟೋ ತಿಂಗಳು ಗೊತ್ತಾಗುವುದಿಲ್ಲ. ಗರಿ ನೋಡಿ ಹೇಳೋಣವೆಂದರೆ ಎಲ್ಲವೂ ಅರಳೆಯ ಉಂಡೆ. ಹೆಸರಿಡುವ ಆತುರ ಬೇಡ. ರಾಣಿ ಒಂದು ಬೆಳಗ್ಗೆ ಕತ್ತು ಚಾಚಿ ಕೊಕ್ಕೊಕ್ಕೋ ಎಂದುಬಿಟ್ಟರೆ ಕಷ್ಟ, ಅಲ್ವಾ?