ಕಬ್ಬಿಣಕ್ಕಿಂತ ಮೊದಲು ತಾಮ್ರ ಬಂದದ್ದು ಏಕೆ?

ಓದುಗರ ಪ್ರಶ್ನೆ: ಕಬ್ಬಿಣದ ಅದಿರು ಕಂಡಕಂಡಲ್ಲಿ ಸಿಗುತ್ತದೆ, ತಾಮ್ರದ್ದು ಅಪರೂಪ. ಹಾಗಿದ್ದೂ ಮನುಷ್ಯ ಮೊದಲು ತಾಮ್ರವನ್ನೇ ಹಿಡಿದದ್ದು ಏಕೆ?

ಉತ್ತರವನ್ನು ಕುಲುಮೆಯೊಳಗೇ ಹುಡುಕಬೇಕು. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಇದ್ದಿಲು ತುಂಬಿ ಊದುಕೊಳವೆಯಿಂದ ಬಿಡದೆ ಗಾಳಿ ಊದಿದರೆ ಆ ಕಾವು ಬರುತ್ತದೆ. ಹಸಿರಾಗಿ ಎದ್ದು ಕಾಣುವ ಮ್ಯಾಲಕೈಟ್ ಅದಿರನ್ನು ಗುರುತಿಸುವುದೂ ಕಷ್ಟವಲ್ಲ. ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಆ ಕಾಲದ ಕುಲುಮೆಗಳಿಗೆ ಅದು ನಿಲುಕದ ಮಾತು. ಹಾಗಾಗಿ ಅದನ್ನು ಕರಗಿಸದೆಯೇ ಪಡೆಯಬೇಕಿತ್ತು. ಕುಲುಮೆಯಿಂದ ಹೊರಬರುತ್ತಿದ್ದದ್ದು ಕಿಟ್ಟ ಮೆತ್ತಿಕೊಂಡ, ತೂತುತೂತಾದ ಒಂದು ಮುದ್ದೆ. ಕೆಂಪಗೆ ಕಾದಿರುವಾಗಲೇ ಬಡಿದು ಬಡಿದು ಕಿಟ್ಟವನ್ನು ಹೊರಹಾಕಿದರೆ ಮಾತ್ರ ಲೋಹ ಕೈಗೆ ಹತ್ತುತ್ತಿತ್ತು. ಆ ಕೊಳಕು ಮುದ್ದೆಯನ್ನು ಎಸೆಯದೆ ಮೊದಲು ಬಡಿದು ನೋಡಿದವರ ತಾಳ್ಮೆ ನನಗಂತೂ ಇಲ್ಲ.

ತಾಮ್ರ ಬಂದೊಡನೆ ಎಲ್ಲರ ಬದುಕು ಬದಲಾಯಿತೆಂದು ತಿಳಿಯಬೇಡಿ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಹೆಣವಾಗಿ ಸಿಕ್ಕ ‘ಓಟ್ಸಿ’ ಎಂಬವನನ್ನೇ ನೋಡಿ. ಸತ್ತು 5,000 ವರ್ಷಗಳ ಮೇಲಾಗಿದ್ದ ಆತನ ಬಳಿ ಅಚ್ಚ ತಾಮ್ರದ ಕೊಡಲಿ ಇತ್ತು. ಯೂ ಮರದ ಹಿಡಿ, ಅಲಗನ್ನು ಬಿಗಿದ ತೊಗಲಿನ ಪಟ್ಟಿ ಎಲ್ಲವೂ ಹಾಗೆಯೇ ಉಳಿದಿದ್ದವು. ಆದರೆ ಅವನ ಚೂರಿ, ಬಾಣದ ಮೊನೆಗಳು ಚಕಮಕಿ ಕಲ್ಲಿನವು. ಆ ತಾಮ್ರವೂ ದೂರದ, ಇಟಲಿಯ ದಕ್ಷಿಣ ಟಸ್ಕನಿಯ ಅದಿರಿನದು. ಅಂಥ ಕೊಡಲಿ ಮರ ಕಡಿಯುವುದರ ಜೊತೆಗೆ ಹಿಡಿದವನ ಅಂತಸ್ತನ್ನೂ ಸಾರುತ್ತಿದ್ದಿರಬೇಕು.

ಕಂಚಿನ ಕಾಲಕ್ಕೆ ಲೋಹಕ್ಕೂ ಅಂತಸ್ತಿಗೂ ಇದ್ದ ಈ ನಂಟು ಇನ್ನೂ ಬಿಗಿಯಾಯಿತು. ಒಳ್ಳೆಯ ಕಂಚಿಗೆ ತಾಮ್ರದ ಹತ್ತು ಪಾಲಿಗೆ ಒಂದು ಪಾಲಿನಷ್ಟು ತವರ ಸೇರಬೇಕು, ತವರವೋ ಕೆಲವೇ ಕಡೆ ಸಿಗುವಂಥದ್ದು. ತುರ್ಕಿಯ ಉಲುಬುರುನ್ ಬಳಿ ಸಮುದ್ರದಡಿ ಸಿಕ್ಕ, ಸುಮಾರು 3,300 ವರ್ಷ ಹಿಂದಿನ ಹಡಗಿನಲ್ಲಿ ಹತ್ತು ಟನ್ ತಾಮ್ರ, ಒಂದು ಟನ್ ತವರವಿತ್ತು. ಲೆಕ್ಕ ಸರಿಹೋಯಿತಲ್ಲ! ಇಷ್ಟು ಸರಕು ತರಿಸುವ ತಾಕತ್ತು ಅರಮನೆಗಳಿಗಲ್ಲದೆ ಇನ್ನಾರಿಗಿತ್ತು?

ಕಬ್ಬಿಣಕ್ಕೆ ಆ ಹಂಗಿಲ್ಲ. ಕುಶಲತೆ ಕೈಗೂಡಿದ ಮೇಲೆ ಊರಿನ ಗುಡ್ಡ, ಊರಿನ ಇದ್ದಿಲು, ಊರಿನ ಕಮ್ಮಾರ ಸಾಕು. ನಮ್ಮ ದಕ್ಷಿಣ ಭಾರತದಲ್ಲಂತೂ ಸರಿಯಾದ ಕಂಚಿನ ಯುಗವೇ ಕಾಣುವುದಿಲ್ಲ. ಅಲ್ಲೊಂದು ಇಲ್ಲೊಂದು ತಾಮ್ರದ ವಸ್ತು ಬಿಟ್ಟರೆ ಕಲ್ಲಿನ ಕೊಡಲಿಯ ಬೆನ್ನಿಗೇ ಕಬ್ಬಿಣ ಬರುತ್ತದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ಬಾಣದ ಮೊನೆಗಳ ಕಾಲ ಸುಮಾರು ಕ್ರಿ.ಪೂ. 1000.