ಬ್ರಯಾನ್ ಕೋಡಿ: ಆಟ, ತರಬೇತಿ ಮತ್ತು ಒಂದು ಹುಕ್

ಬ್ರಯಾನ್ ಕೋಡಿ ಐರ್ಲೆಂಡಿನ ಕಿಲ್ಕೆನ್ನಿ ಕೌಂಟಿಯ ಹರ್ಲಿಂಗ್ ಆಟಗಾರ, ಆಮೇಲೆ ಅದೇ ತಂಡದ ಮ್ಯಾನೇಜರ್, ಅಂದರೆ ತರಬೇತುದಾರ. ಹರ್ಲಿಂಗ್ ಎಂದರೆ ಕೋಲು, ಚೆಂಡಿನ ಐರಿಷ್ ಆಟ. ಮೊದಲು ಅದರ ಸ್ಕೋರು ಓದಲು ಕಲಿಯೋಣ, ಇಲ್ಲದಿದ್ದರೆ ಮುಂದಿನದೆಲ್ಲ ಎಡವಟ್ಟಾಗುತ್ತದೆ. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅದಕ್ಕೆ 3. ಪಟ್ಟಿಯ ಮೇಲೆ, ಕಂಬಗಳ ನಡುವೆ ಹಾದುಹೋದರೆ ಪಾಯಿಂಟ್, ಅದಕ್ಕೆ 1. ಸ್ಕೋರಿನಲ್ಲಿ ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟ್. ಕೌಂಟಿಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿಯಾದ ಆಲ್ ಐರ್ಲೆಂಡಿನ 2008ರ ಫೈನಲ್‌ನಲ್ಲಿ ಕಿಲ್ಕೆನ್ನಿ 3-30, ವಾಟರ್‌ಫರ್ಡ್ 1-13. ಅಂದರೆ 39ಕ್ಕೆ 16. ಎರಡೂ ಅಂಕಿ ಹಾಗೇ ಕೂಡಿಸಿ 33 ಎಂದು ಬರೆದುಕೊಳ್ಳುವವರು ಬಹಳ ಮಂದಿ.

ಕೋಡಿ ಹುಟ್ಟಿದ್ದು 1954ರಲ್ಲಿ, ಕಿಲ್ಕೆನ್ನಿಯಲ್ಲಿ. ಕ್ಲಬ್ಬು ಜೇಮ್ಸ್ ಸ್ಟೀಫನ್ಸ್. ಹರ್ಲಿಂಗ್ ಆಟಗಾರರಿಗೆ ಸಂಬಳವಿಲ್ಲ, ಹಾಗಾಗಿ ಕೋಡಿಯ ಜೀವನೋಪಾಯ ಶಾಲೆಯ ಮೇಷ್ಟ್ರುಗಿರಿಯಾಗಿತ್ತು. 1975ರಲ್ಲಿ ಮೊದಲ ಆಲ್ ಐರ್ಲೆಂಡ್ ಪದಕ. 1978ರ ಫೈನಲ್‌ಗೆ ಈ ಹುಟ್ಟಾ ಡಿಫೆಂಡರನ್ನು ಫುಲ್‌ಫಾರ್ವರ್ಡ್ ಜಾಗದಲ್ಲಿ, ಅಂದರೆ ಎದುರಾಳಿ ಗೋಲಿನ ಮುಂದೆ, ಆಡಿಸಿದರು. ಕಾರ್ಕ್ ಗೆದ್ದಿತು, ಊರಿಗೆ ಮರಳಿದಾಗ ಅಭಿಮಾನಿಗಳು ಕೋಡಿಯನ್ನೇ ಕೂಗಿ ಹೀಯಾಳಿಸಿದರು. ಆಮೇಲೆ 3ನೇ ಸಂಖ್ಯೆಯ ಅಂಗಿ ತೊಟ್ಟು, ಅಂದರೆ ಫುಲ್‌ಬ್ಯಾಕ್ ಆಗಿ (ತಮ್ಮ ಗೋಲಿನ ಮುಂದೆ ನಿಲ್ಲುವ ರಕ್ಷಕ), 1982ರಲ್ಲಿ ತಂಡದ ನಾಯಕರಾಗಿ ಅದೇ ಕಾರ್ಕನ್ನು 3-18, 1-13ರಿಂದ ಸೋಲಿಸಿದರು. 1983ರಲ್ಲೂ ಗೆಲುವು.

1998ರ ಕೊನೆಗೆ ಕಿಲ್ಕೆನ್ನಿಯ ಮ್ಯಾನೇಜರ್. ಮೊದಲ ವರ್ಷವೇ ಫೈನಲ್, ಕಾರ್ಕ್ ವಿರುದ್ಧ ಒಂದೇ ಪಾಯಿಂಟಿನ ಸೋಲು. ಮುಂದೆ 2000, 2002, 2003, 2006ರಿಂದ 2009ರವರೆಗೆ ಸತತ ನಾಲ್ಕು, 2011, 2012, 2014, 2015. ಒಟ್ಟು 11 ಆಲ್ ಐರ್ಲೆಂಡ್ ಗೆಲುವು. ಆಟಗಾರನಾಗಿ ಗೆದ್ದ ಪದಕಗಳು ಇದಕ್ಕೆ ಸೇರುವುದಿಲ್ಲ.

ಅವರ ತರಬೇತಿಯ ತಿರುಳು ಒಂದೇ: ಜಾಗ ಯಾರಪ್ಪನದೂ ಅಲ್ಲ, ಪ್ರಾಕ್ಟೀಸ್ ಪಂದ್ಯದಲ್ಲಿ ದಕ್ಕಿಸಿಕೊಳ್ಳಬೇಕು. ಆ ಪಂದ್ಯಗಳಲ್ಲಿ ಸೀಟಿ ಊದುವುದು ಕಡಿಮೆ, ಗುದ್ದಾಟ ಜಾಸ್ತಿ. 2003ರಲ್ಲಿ ನಾಯಕ ಚಾರ್ಲಿ ಕಾರ್ಟರ್‌ಗೇ ಮೊದಲ ಹದಿನೈದರಲ್ಲಿ ಜಾಗ ಸಿಗಲಿಲ್ಲ, ಸೀಸನ್ ಮಧ್ಯೆಯೇ ಅವರು ತಂಡ ಬಿಟ್ಟರು. ನನಗೆ ಇದು ಕಠಿಣವೆನಿಸಿದರೂ ಅನ್ಯಾಯವೆನಿಸುವುದಿಲ್ಲ. ನಿಯಮ ಎಲ್ಲರಿಗೂ ಒಂದೇ ಇತ್ತು.

ಫಾರ್ವರ್ಡ್‌ಗಳೂ ಹಿಂದಕ್ಕೋಡಿ ಎದುರಾಳಿಯ ಹೊಡೆತ ತಡೆಯಬೇಕಿತ್ತು. ತಡೆಯುವ ದಾರಿ ಎರಡು. ಎದುರಿನಿಂದಾದರೆ ಬ್ಲಾಕ್: ಹೊಡೆಯುವವನ ಮೈಗೆ ಅಂಟುವಷ್ಟು ಹತ್ತಿರ ನುಗ್ಗಬೇಕು. ಹೆದರಿ ಅರ್ಧದಲ್ಲಿ ನಿಂತವನಿಗೇ ಪೆಟ್ಟು, ಏಕೆಂದರೆ ಹರ್ಲಿ (ಆಟದ ಕೋಲು) ಪೂರ್ತಿ ವೇಗದಲ್ಲಿ ಬೀಸುವುದು ಅಷ್ಟು ದೂರದಲ್ಲೇ. ಹಿಂದಿನಿಂದಾದರೆ ಹುಕ್: ಒಂದೇ ಕೈಯಲ್ಲಿ ಹರ್ಲಿಯನ್ನು ಪೂರ್ತಿ ಚಾಚಿ, ಅವನ ಕೋಲು ಬೀಸುವ ದಾರಿಗೆ ಅಡ್ಡ ಹಿಡಿಯುವುದು. ಬೇಗ ಚಾಚಿದರೆ ಅವನು ತನ್ನ ಹೊಡೆತ ನಿಲ್ಲಿಸಿ ತಪ್ಪಿಸಿಕೊಳ್ಳುತ್ತಾನೆ, ತಡವಾದರೆ ಚೆಂಡು ಹೋಗಿರುತ್ತದೆ. ಕಣ್ಣು ಚೆಂಡಿನ ಮೇಲಲ್ಲ, ಅವನ ಹರ್ಲಿಯ ಮೇಲಿರಬೇಕು.

2014ರ ಮರುಫೈನಲ್‌ನ ವಿಡಿಯೊ ಇದಕ್ಕಾಗಿಯೇ ನೋಡಿ. ಟಿಪ್ಪರರಿಯ ಶೇಮಸ್ ಕ್ಯಾಲನನ್ ಗೋಲಿನತ್ತ ಒಬ್ಬರೇ ನುಗ್ಗಿ ಹರ್ಲಿ ಬೀಸುತ್ತಾರೆ. ಹಿಂದಿನಿಂದ ಕಿಲ್ಕೆನ್ನಿಯ ಜೆ.ಜೆ. ಡಿಲೇನಿ ಮೈಚಾಚಿ ಹುಕ್ ಮಾಡುತ್ತಾರೆ, ಹೊಡೆತ ಅಲ್ಲೇ ಸಾಯುತ್ತದೆ. ಹಲವು ವರ್ಷ ಹಾಫ್‌ಬ್ಯಾಕ್ (ಒಂದು ಸಾಲು ಮುಂದಿನ ರಕ್ಷಕ) ಆಗಿದ್ದ ಡಿಲೇನಿಯನ್ನು ಕೋಡಿ ತಂದು ನಿಲ್ಲಿಸಿದ್ದು ತಾವು ಆಡಿದ ಫುಲ್‌ಬ್ಯಾಕ್ ಜಾಗದಲ್ಲೇ. ಪಂದ್ಯ ಮುಗಿದಾಗ ಕಿಲ್ಕೆನ್ನಿ 2-17, ಟಿಪ್ಪರರಿ 2-14. ಅಂತರ ಮೂರು, ಸರಿಯಾಗಿ ಒಂದು ಗೋಲು.

ಕೋಡಿಯ ಕೊನೆಯ ಪಂದ್ಯ 2022ರ ಫೈನಲ್. ಲಿಮರಿಕ್ 1-31, ಕಿಲ್ಕೆನ್ನಿ 2-26. ಗೋಲು ಹೆಚ್ಚು ಹೊಡೆದದ್ದು ಕಿಲ್ಕೆನ್ನಿ, ಗೆದ್ದದ್ದು 34ಕ್ಕೆ 32ರಿಂದ ಲಿಮರಿಕ್.