ಹೈಬ್ರಿಡ್ ಕಾರು ಪೆಟ್ರೋಲ್ ಉಳಿಸುವಂತೆ ಹೈಬ್ರಿಡ್ ವಿಮಾನವೂ ಇಂಧನ ಉಳಿಸೀತೇ?

ಪ್ರಶ್ನೆ: ಎಂಜಿನ್ ಜೊತೆಗೆ ಬ್ಯಾಟರಿ, ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರುಗಳು ಪೆಟ್ರೋಲ್ ಉಳಿಸುವುದನ್ನು ನೋಡುತ್ತಿದ್ದೇವೆ. ಪ್ರಯಾಣಿಕ ವಿಮಾನಗಳಿಗೂ ಇದೇ ವ್ಯವಸ್ಥೆಯನ್ನು ಅಳವಡಿಸಿದರೆ ಅವುಗಳಿಂದ ಪರಿಸರಕ್ಕಾಗುವ ಹಾನಿ ತಗ್ಗುವುದಿಲ್ಲವೇ?

ಉತ್ತರ: ತಗ್ಗುತ್ತದೆ. ಆದರೆ ದೊಡ್ಡ ಪ್ರಮಾಣದಲ್ಲಿ ತಗ್ಗುವುದು ಚಿಕ್ಕ ವಿಮಾನಗಳಲ್ಲಿ, ಅದೂ ಹತ್ತಿರದ ಊರುಗಳ ನಡುವಿನ ಹಾರಾಟದಲ್ಲಿ. ಪ್ರಶ್ನೆಯಲ್ಲಿರುವ ಕಾರಿನ ಹೋಲಿಕೆ ವಿಮಾನಕ್ಕೆ ಅಷ್ಟಾಗಿ ಒಗ್ಗುವುದಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಹೈಬ್ರಿಡ್ ಕಾರಿನ ಉಳಿತಾಯ ಬಹುಪಾಲು ನಗರದ ಸಂಚಾರದಲ್ಲಿ ಹುಟ್ಟುವಂಥದ್ದು. ಸಿಗ್ನಲ್ ಕಂಡಾಗಲೆಲ್ಲ ಬ್ರೇಕ್ ಒತ್ತಿ ಶಾಖವಾಗಿ ಕಳೆದುಕೊಳ್ಳುತ್ತಿದ್ದ ಶಕ್ತಿಯ ಒಂದು ಭಾಗವನ್ನು ಮೋಟಾರು ಮರಳಿ ಬ್ಯಾಟರಿಗೆ ತುಂಬುತ್ತದೆ. ತೆವಳುವ ವೇಗದಲ್ಲಿ ಎಂಜಿನ್ ಸುಮ್ಮನೆ ಉರಿಯುವುದೂ ತಪ್ಪುತ್ತದೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಸಾಗುವ ಜೆಟ್ ವಿಮಾನಕ್ಕೆ ಸಿಗ್ನಲ್ಲೂ ಇಲ್ಲ, ಬ್ರೇಕೂ ಇಲ್ಲ. ಅದರ ಎಂಜಿನ್ನನ್ನು ಆ ಸ್ಥಿತಿಯಲ್ಲಿ ಚೆನ್ನಾಗಿ ಕೆಲಸ ಮಾಡುವಂತೆಯೇ ರೂಪಿಸಿರುತ್ತಾರೆ.

ಎರಡನೆಯ ತೊಡಕು ತೂಕದ್ದು. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12,000 ವಾಟ್-ಗಂಟೆಯಷ್ಟು ಶಕ್ತಿ ಅಡಗಿದೆ. ಕವಚ, ತಂಪುಗೊಳಿಸುವ ವ್ಯವಸ್ಥೆ ಎಲ್ಲವನ್ನೂ ಸೇರಿಸಿ ತೂಗಿದರೆ ಲಿಥಿಯಂ ಬ್ಯಾಟರಿಯಲ್ಲಿ ಕಿಲೋಗೆ ಸುಮಾರು 200 ವಾಟ್-ಗಂಟೆ ಸಿಗಬಹುದು. ಬೆಂಗಳೂರಿನಿಂದ ದಿಲ್ಲಿಗೆ ಹಾರುವ ಏರ್‌ಬಸ್ ಎ320 ಮಾದರಿಯ ವಿಮಾನವು ದಾರಿಯಲ್ಲಿ 6 ಟನ್ ಇಂಧನ ಸುಡುತ್ತದೆ ಎಂದಿಟ್ಟುಕೊಳ್ಳೋಣ. ಆ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಕೆಲಸಕ್ಕೆ ಬರುತ್ತದೆ, ವಿದ್ಯುತ್ ಮೋಟಾರಾದರೆ ಶೇ 90ರಷ್ಟು ಪಾಲನ್ನು ಬಳಸಿಕೊಳ್ಳುತ್ತದೆ ಎಂಬ ರಿಯಾಯಿತಿಯನ್ನು ಕೊಟ್ಟ ಮೇಲೂ ಬೇಕಾಗುವ ಬ್ಯಾಟರಿಯ ತೂಕ 140 ಟನ್ ದಾಟುತ್ತದೆ. ಜನ, ಸಾಮಾನು, ಇಂಧನವೆಲ್ಲ ಸೇರಿ ಆ ವಿಮಾನ ಮೇಲೇರಬಹುದಾದ ಗರಿಷ್ಠ ತೂಕವೇ 80 ಟನ್ನಿನ ಆಸುಪಾಸು. ಮೇಲಾಗಿ, ಇಂಧನ ಉರಿಯುತ್ತ ಹೋದಂತೆ ವಿಮಾನ ಹಗುರಾಗುತ್ತದೆ. ಬರಿದಾದ ಬ್ಯಾಟರಿಯನ್ನೋ ಇಳಿಯುವ ತನಕ ಹೊತ್ತೇ ಸಾಗಬೇಕು.

ಹಾಗಿದ್ದರೆ ಹೈಬ್ರಿಡ್‌ನ ಮಾತೇಕೆ? ಪ್ರೊಪೆಲರ್ ವಿಮಾನದ ಟರ್ಬೈನಿಗೆ ತನ್ನ ಪೂರ್ಣ ಬಲ ಬೇಕಾಗುವುದು ಮೇಲೇರುವ ಕೆಲವು ನಿಮಿಷಗಳಲ್ಲಿ. ಆ ಕೆಲವು ನಿಮಿಷಗಳಿಗೆಂದು ಗಾತ್ರ ನಿಗದಿಯಾದ ಎಂಜಿನ್ ಉಳಿದ ಹೊತ್ತೆಲ್ಲ ತನ್ನ ಸಾಮರ್ಥ್ಯಕ್ಕಿಂತ ಕೆಳಗೆ ದುಡಿಯುತ್ತದೆ. ಮೇಲೇರುವಾಗ ಮೋಟಾರು ಹೆಗಲು ಕೊಡುವುದಾದರೆ ಟರ್ಬೈನನ್ನು ಚಿಕ್ಕದಾಗಿಸಿ, ದೀರ್ಘ ಹಾರಾಟಕ್ಕೆ ಒಪ್ಪುವಂತೆ ಹದಗೊಳಿಸಬಹುದು. ಇದಕ್ಕೆ ಸಮಾಂತರ ಹೈಬ್ರಿಡ್ ಎನ್ನುತ್ತಾರೆ. ಪ್ರಾಟ್ ಅಂಡ್ ವಿಟ್ನಿ ಕೆನಡಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಯೋಜನೆ ಇದೇ ಬಗೆಯದು: ಡ್ಯಾಶ್ 8 ವಿಮಾನಕ್ಕೆ 1 ಮೆಗಾವಾಟ್ ಮೋಟಾರನ್ನು ಜೋಡಿಸಿ, ಶೇ 30ರಷ್ಟು ಇಂಧನ ಉಳಿಸುವುದು ಅದರ ಗುರಿ. ಗುರಿ ಎಂಬ ಪದವನ್ನು ಇಲ್ಲಿ ಒತ್ತಿ ಓದಬೇಕು.

ಇನ್ನೊಂದು ಪ್ರಯೋಜನ ಕಾಯ್ದಿರಿಸಿದ ಇಂಧನಕ್ಕೆ ಸಂಬಂಧಿಸಿದ್ದು. ಇಳಿಯಬೇಕಾದ ನಿಲ್ದಾಣ ಮಂಜಿನಿಂದಲೋ ಮಳೆಯಿಂದಲೋ ಮುಚ್ಚಿದರೆ ಬೇರೆ ನಿಲ್ದಾಣಕ್ಕೆ ಹೋಗಲು, ಅಲ್ಲಿ ಮತ್ತೆ ಅರ್ಧ ಗಂಟೆ ಸುತ್ತಲು ಬೇಕಾಗುವಷ್ಟು ಇಂಧನವನ್ನು ಪ್ರತಿ ಜೆಟ್ ವಿಮಾನವೂ ಹೊತ್ತಿರಬೇಕು. ಬರೀ ಬ್ಯಾಟರಿಯ ವಿಮಾನವು ಈ ಮೀಸಲನ್ನೂ ಬ್ಯಾಟರಿಯಲ್ಲೇ ಇಟ್ಟುಕೊಂಡರೆ ನಿಜವಾದ ಪ್ರಯಾಣಕ್ಕೆ ಉಳಿಯುವುದು ಅತ್ಯಲ್ಪ. ಹೈಬ್ರಿಡ್ ಆದರೆ ದಿನನಿತ್ಯದ ಹಾರಾಟಕ್ಕೆ ವಿದ್ಯುತ್ತು, ಆಪತ್ತಿಗೆ ಇಂಧನ ಎಂದು ಕೆಲಸ ಹಂಚಬಹುದು. ಸ್ವೀಡನ್‌ನಲ್ಲಿ ಹುಟ್ಟಿದ ಹಾರ್ಟ್ ಏರೋಸ್ಪೇಸ್ ತನ್ನ 30 ಆಸನಗಳ ಇಎಸ್-30 ವಿಮಾನಕ್ಕೆ ಈ ತರ್ಕವನ್ನೇ ಆಧಾರವಾಗಿಟ್ಟುಕೊಂಡಿತು. ವಿದ್ಯುತ್ತಿನಲ್ಲೇ 200, ಹೈಬ್ರಿಡ್ ಆಗಿ 400 ಕಿ.ಮೀ. ಎಂಬುದು ಅದು ಮುಂದಿಟ್ಟ ಲೆಕ್ಕ. ವಿಮಾನ ನಿಲ್ದಾಣಗಳ ನಡುವಿನ ನೇರ ದೂರದಲ್ಲಿ ಬೆಂಗಳೂರು-ಮೈಸೂರು ಸುಮಾರು 155 ಕಿ.ಮೀ., ಬೆಂಗಳೂರು-ಶಿವಮೊಗ್ಗ 240, ಬೆಂಗಳೂರು-ಹುಬ್ಬಳ್ಳಿ 370 ಎಂಬುದನ್ನು ನೆನೆದರೆ, ಈ ವಿಮಾನ ನಮ್ಮ ಪಾಲಿಗೆ ತೀರ ದೂರದ ಸಂಗತಿಯಲ್ಲ ಎನಿಸುತ್ತದೆ.

ದೊಡ್ಡ ಪ್ರಯೋಗಗಳ ಅನುಭವ ಅಷ್ಟು ಹಿತಕರವಾಗಿಲ್ಲ. 2017ರಲ್ಲಿ ಏರ್‌ಬಸ್, ರೋಲ್ಸ್ ರಾಯ್ಸ್ ಮತ್ತು ಸೀಮೆನ್ಸ್ ಸೇರಿ ಇ-ಫ್ಯಾನ್ ಎಕ್ಸ್ ಎಂಬ ಯೋಜನೆ ಆರಂಭಿಸಿದವು. ಬಿಎಇ 146 ವಿಮಾನದ ನಾಲ್ಕು ಎಂಜಿನ್‌ಗಳಲ್ಲಿ ಒಂದನ್ನು ತೆಗೆದು 2 ಮೆಗಾವಾಟ್ ಮೋಟಾರು ಕೂರಿಸುವುದು, ಅದಕ್ಕೆ ಒಡಲಿನಲ್ಲಿರುವ ಟರ್ಬೈನ್-ಜನರೇಟರ್ ಮತ್ತು ಬ್ಯಾಟರಿಯಿಂದ ವಿದ್ಯುತ್ ಒದಗಿಸುವುದು ಯೋಜನೆಯ ತಿರುಳು. ಮೋಟಾರು ಕೈಕೊಟ್ಟರೂ ಮೂರು ಎಂಜಿನ್ ಉಳಿದಿರುತ್ತವೆ ಎಂಬ ಎಚ್ಚರಿಕೆ ಈ ಆಯ್ಕೆಯಲ್ಲೇ ಇತ್ತು. ಸವಾಲು ಬ್ಯಾಟರಿಯದಷ್ಟೇ ಅಲ್ಲ. 2 ಮೆಗಾವಾಟ್ ವ್ಯವಸ್ಥೆಯಲ್ಲಿ ಶೇ 5ರಷ್ಟು ನಷ್ಟವಾದರೂ 100 ಕಿಲೋವಾಟ್ ಶಾಖವನ್ನು ಹೊರಗೆ ಹಾಕಬೇಕು. ಜೆಟ್ ಎಂಜಿನ್ ತನ್ನ ಶಾಖದ ಬಹುಪಾಲನ್ನು ಹೊಗೆಯೊಂದಿಗೇ ಉಗುಳಿಬಿಡುವುದರಿಂದ ಅಲ್ಲಿ ಈ ತಲೆನೋವಿಲ್ಲ. ತಂತಿಗಳ ತೂಕ ತಗ್ಗಿಸಲೆಂದು ವೋಲ್ಟೇಜನ್ನು 3,000ಕ್ಕೆ ಏರಿಸಿದರೆ, ಗಾಳಿ ತೆಳುವಾಗಿರುವ ಎತ್ತರದಲ್ಲಿ ಕಿಡಿ ಹಾರುವ ಅಪಾಯ ಹೆಚ್ಚುತ್ತದೆ. ವಿಮಾನ ಒಮ್ಮೆಯೂ ಹಾರದೆ, 2020ರ ಏಪ್ರಿಲ್‌ನಲ್ಲಿ ಯೋಜನೆಯನ್ನು ಕೈಬಿಡಲಾಯಿತು.

ಪರಿಸರದ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಅಂಶ ಬೇರೆಯೇ ಇದೆ. ಮನುಷ್ಯರಿಂದಾಗುವ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ವಿಮಾನಯಾನದ ಪಾಲು ಸುಮಾರು ಶೇ 2.5, ಆ ಪಾಲಿನಲ್ಲಿ ಶೇ 80ರಷ್ಟು 1,500 ಕಿ.ಮೀ.ಗಿಂತ ಉದ್ದದ ಹಾರಾಟಗಳದ್ದು. ಅಂದರೆ ಹೈಬ್ರಿಡ್ ಸಲೀಸಾಗಿ ಹೊಂದುವ ಮಾರ್ಗಗಳಲ್ಲಿ ಹೊಗೆ ಕಡಿಮೆ, ಹೊಗೆ ಹೆಚ್ಚಿರುವ ಮಾರ್ಗಗಳಲ್ಲಿ ಅದರ ನೆರವು ಅಲ್ಪ. ಜೊತೆಗೆ, ಬ್ಯಾಟರಿಗೆ ತುಂಬುವ ವಿದ್ಯುತ್ತು ಎಲ್ಲಿಯದು ಎಂದೂ ಕೇಳಬೇಕಾಗುತ್ತದೆ. ಪಾವಗಡದ ಸೌರ ಸ್ಥಾವರದಿಂದ ಬಂದದ್ದಾದರೆ ಸರಿ, ಕಲ್ಲಿದ್ದಲಿನಿಂದ ಬಂದದ್ದಾದರೆ ಹೊಗೆಯ ಒಂದಷ್ಟು ಪಾಲು ರನ್‌ವೇಯಿಂದ ರಾಯಚೂರಿನ ಚಿಮಣಿಗೆ ಸ್ಥಳಾಂತರವಾಗುತ್ತದೆ, ಅಷ್ಟೆ.

ಅಂದಹಾಗೆ, ಹೈಬ್ರಿಡ್ ಶಕ್ತಿ ಆಗಲೇ ನಮ್ಮ ಪ್ರಯಾಣಿಕ ವಿಮಾನಗಳ ನೆರವಿಗೆ ಬಂದಿದೆ, ಆದರೆ ನೆಲದ ಮೇಲೆ. ಟ್ಯಾಕ್ಸಿಬಾಟ್ ಎಂಬ ಡೀಸೆಲ್-ವಿದ್ಯುತ್ ಎಳೆಬಂಡಿಯನ್ನು ಏರ್ ಇಂಡಿಯಾ 2019ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ಬಳಸಿತು. ಪೈಲಟ್ ತನ್ನ ಆಸನದಲ್ಲಿ ಕುಳಿತೇ ಅದನ್ನು ನಡೆಸುತ್ತಾ, ಮುಖ್ಯ ಎಂಜಿನ್‌ಗಳನ್ನು ಹೊತ್ತಿಸದೆಯೇ ವಿಮಾನವನ್ನು ರನ್‌ವೇ ಸಮೀಪದವರೆಗೆ ಕೊಂಡೊಯ್ಯಬಹುದು.